ಮೂರು ಸಾಲಲ್ಲೂ ನಾನೇ

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದಿನಕ್ಕೆ ಸಾವಿರದ ಇನ್ನೂರು ಹಾಸು ಒಗೆಯುತ್ತಿದ್ದರು. ರಕ್ತದ ಹಾಸು, ಕೀವಿನ ಹಾಸು, ಉಚ್ಚೆಯ ಹಾಸು, ಹೆರಿಗೆಯ ಹಾಸು, ಹೆಣದ ಮೈಮೇಲಿಂದ ಎಳೆದು ತಂದ ಹಾಸು. ಮೇಲಿನ ಆರು ಮಹಡಿಯ ಜನಕ್ಕೆ ಬಿಳಿ ಬಟ್ಟೆ ಬೇಕು. ಅದು ಬಿಳಿ ಹೇಗಾಗುತ್ತದೆ ಅನ್ನುವುದು ಯಾರಿಗೂ ಬೇಕಿಲ್ಲ.

ದೊಡ್ಡಕ್ಕ ಅಲ್ಲಿ ಹನ್ನೊಂದು ವರ್ಷದಿಂದ ಇಸ್ತ್ರಿ ರೋಲರಿಗೆ ಹಾಸು ಕೊಡುವವಳು. ಒಗೆಯುವ ಹೆಂಗಸರಲ್ಲೆಲ್ಲ ಹಿರಿಯಳು. ಹಾಗಾಗಿ ಎಲ್ಲರಿಗೂ ದೊಡ್ಡಕ್ಕ. ಮೇಸ್ತ್ರಿಗೆ ಮಾತ್ರ ಎಂಟು ತಿಂಗಳಿಂದ ಅವಳು "ಸೊಟ್ಟಗೈ".

ಎಂಟು ತಿಂಗಳ ಹಿಂದೆ ಅವಳ ಬಲಗೈ ರೋಲರಿನೊಳಕ್ಕೆ ಹೋಗಿತ್ತು.

ಆ ರೋಲರು ಆಳುದ್ದದ ಕಬ್ಬಿಣದ ಉರುಳೆ. ಒಳಗೆ ಹಬೆ. ಒದ್ದೆ ಹಾಸಿನ ಅಂಚನ್ನು ಇಬ್ಬರು ಹೆಂಗಸರು ಹಿಡಿದು ಕೊಟ್ಟರೆ ಅದು ನುಂಗಿಕೊಂಡು ಆಚೆ ಬದಿಗೆ ಒಣಗಿಸಿ ಉಗುಳುತ್ತದೆ. ಅದರ ಬಾಯಿಗೆ ಅಡ್ಡಲಾಗಿ ಒಂದು ತಡೆಪಟ್ಟಿ ಇತ್ತು. ಬೆರಳು ತಗುಲಿದರೆ ಸಾಕು, ಮೆಷಿನ್ನು ತಟ್ಟನೆ ನಿಲ್ಲುತ್ತಿತ್ತು. ದಪ್ಪ ಹಾಸು ತಗುಲಿದರೂ ನಿಲ್ಲುತ್ತಿತ್ತು. ನಿಂತರೆ ಮತ್ತೆ ಬಿಸಿಯಾಗಲು ಹೊತ್ತು ಬೇಕು. ಲೆಕ್ಕಕ್ಕೆ ಹಾಸು ಕಡಿಮೆ ಬೀಳುತ್ತದೆ ಅಂತ ಒಂದು ಬೆಳಿಗ್ಗೆ ಮೇಸ್ತ್ರಿ ಪಾನಾ ತಂದು ನಾಲ್ಕು ಬೋಲ್ಟು ಬಿಚ್ಚಿದ. "ಕಣ್ಣು ಬಿಟ್ಕೊಂಡು ಕೆಲಸ ಮಾಡಿ, ಏನೂ ಆಗಲ್ಲ" ಅಂದ.

ಒಂಬತ್ತನೇ ದಿನ ಹರಿದ ಹಾಸಿನ ದಾರ ಅವಳ ಬೆರಳಿಗೆ ಸುತ್ತಿಕೊಂಡಿತು. ಎಳೆದುಕೊಂಡಳು. ಅದು ಇನ್ನೂ ಜೋರಾಗಿ ಎಳೆಯಿತು. ಜೊತೆಗೆ ನಿಂತಿದ್ದ ಗಿಡ್ಡಿ ಗೋಡೆಯ ಸ್ವಿಚ್ಚಿಗೆ ಓಡಿ ಹೋಗಿ ಆರಿಸುವಷ್ಟರಲ್ಲಿ ಅಂಗೈ ಚರ್ಮ ಉರುಳೆಗೆ ಅಂಟಿತ್ತು. ಮಾಂಸ ಸುಟ್ಟ ವಾಸನೆ ಹಬೆಯ ಜೊತೆ ಮೇಲೆದ್ದಿತು. ಅವತ್ತು ಸಂಜೆಯೇ ಉರುಳೆ ಒರೆಸಿ ಚಾಲು ಮಾಡಿದರು. ಅವಳ ಕೈ ಸಿಕ್ಕಿಕೊಂಡಿದ್ದ ಹಾಸನ್ನೂ ಒಗೆದು, ಮಡಿಸಿ, ಮೇಲಕ್ಕೆ ಕಳಿಸಿದರು.

ಅವಳನ್ನು ಅದೇ ಆಸ್ಪತ್ರೆಯ ವಾರ್ಡಿಗೆ ಹಾಕಿದರು. ಮಾರನೇ ದಿನ ಮೇಸ್ತ್ರಿ ಒಂದು ಕಾಗದ ತಂದ. ಉದ್ದುದ್ದ ಮಾತು, ಚಿಕ್ಕಚಿಕ್ಕ ಅಕ್ಷರ.

"ಏನಿದು?"

"ನಿನ್ನ ಚಿಕಿತ್ಸೆಗೆ. ಒತ್ತು."

ಬಲಗೈ ಬ್ಯಾಂಡೇಜಿನೊಳಗಿತ್ತು. ಎಡಗೈ ಹೆಬ್ಬೆಟ್ಟು ಹಿಡಿದು ಅವನೇ ಒತ್ತಿಸಿಕೊಂಡ. ಆರು ವಾರದ ಮೇಲೆ ಇನ್ನೊಂದು ಕಾಗದ ಬಂತು. ಗಾಯದ ಪರಿಹಾರಕ್ಕೆ ಅವಳ ಹೆಸರಲ್ಲಿ ಹೋಗಿದ್ದ ಅರ್ಜಿ ತಿರಸ್ಕಾರವಾಗಿದೆ ಅಂತ. ಯಾಕೆ ಅಂತ ಕೇಳಿದರೆ, "ಅದರಲ್ಲೇ ಬರೆದಿದೆಯಲ್ಲ" ಅಂದರು. ಬರೆದಿತ್ತು. ನಾಲ್ಕನೇ ಕ್ಲಾಸಿನವರೆಗೆ ಓದಿದವಳಿಗೆ ಅದರ ಒಂದು ಸಾಲೂ ಬಿಡಿಸಲಾಗಲಿಲ್ಲ. ಮೂರು ಬೆರಳು ಒಂದಕ್ಕೊಂದು ಅಂಟಿಕೊಂಡೇ ಉಳಿದವು. ಅವಳು ಅದೇ ರೋಲರಿಗೆ ವಾಪಸ್ಸು ಹೋಗಿ ಎಡಗೈಯಲ್ಲಿ ಹಾಸು ಕೊಡತೊಡಗಿದಳು. ತಡೆಪಟ್ಟಿ ಇಲ್ಲದೆಯೇ. ಮನೆಯಲ್ಲಿ ಮಗಳ ಓದು ನಡೆಯಬೇಕಿತ್ತು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಸ್ತ್ರಿ ಬಂದು ಕೂಗಿದ. "ಲೇ ಸೊಟ್ಟಗೈ, ಮೂರನೇ ಮಹಡಿಗೆ ಹೋಗು. ಸಾಹೇಬರು ಕರೀತಾರೆ. ಗಿಡ್ಡಿ, ನಿನ್ನದು ಆಮೇಲೆ. ಒಟ್ಟು ಐದು ಜನ."

"ಯಾಕಂತೆ?"

"ಗಾಯಕ್ಕೆ ಅರ್ಜಿ ಹಾಕೋದೆಲ್ಲ ಇನ್ಮೇಲೆ ಕಂಪ್ಯೂಟರಲ್ಲಿ. ನಿಮ್ಮಂಥೋರಿಗೂ ಬರುತ್ತಾ ಅಂತ ನೋಡ್ತಾರಂತೆ. ಕಾಲು ಒರೆಸ್ಕೊಂಡು ಹೋಗು. ಅಲ್ಲಿ ನೆಲ ಹೊಳೀತದೆ."

ಕಾಲು ಒರೆಸಿಕೊಂಡಳು. ಆದರೂ ಮೂರನೇ ಮಹಡಿಯ ಆ ಕೋಣೆಯಲ್ಲಿ ಅವಳ ಹೆಜ್ಜೆ ಮೂಡಿದವು. ಆಡಳಿತದ ಸಾಹೇಬರು ಕಿಟಕಿಯ ಹತ್ತಿರ ಕಾಫಿ ಹಿಡಿದು ಕೂತಿದ್ದರು. ಆ ಹೆಜ್ಜೆ ನೋಡಿದರು, ಅವಳ ಮುಖ ನೋಡಲಿಲ್ಲ. ಮೇಜಿನ ಮೇಲೆ ದೊಡ್ಡ ಹಲಗೆಯಂಥ ಒಂದು ಟಚ್ ಸ್ಕ್ರೀನು. ಅದರ ಪಕ್ಕ ಒಂದು ಕ್ಯಾಮೆರಾ, ಅದರಲ್ಲಿ ಕೆಂಪು ದೀಪ. ಹಳೇ ಕಾಗದಗಳ ಒಂದು ಕಟ್ಟು. ಮೇಜಿನ ಹಿಂದೆ ಒಬ್ಬ ಹುಡುಗಿ, ದಪ್ಪ ಕನ್ನಡಕ. ಆಸ್ಪತ್ರೆಯವರು ಫಾರಂ ಮಾಡಿಸಲು ಹೊರಗಿಂದ ಕರೆಸಿದವಳು.

"ಬನ್ನಿ ಅಮ್ಮಾ, ಕೂತ್ಕೊಳ್ಳಿ. ಹೆದರ್ಕೋಬೇಡಿ. ಇದು ನಿಮಗಿಟ್ಟ ಪರೀಕ್ಷೆ ಅಲ್ಲ, ಫಾರಂಗಿಟ್ಟ ಪರೀಕ್ಷೆ" ಅಂದಳು ಹುಡುಗಿ. "ನಿಮಗೇನಾದ್ರೂ ಅರ್ಥ ಆಗ್ಲಿಲ್ಲ ಅಂದ್ರೆ ತಪ್ಪು ನಂದು. ತುಂಬ್ತಾ ತುಂಬ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ. ನಾವು ರೆಕಾರ್ಡ್ ಮಾಡ್ಕೋತೀವಿ."

"ಮನಸ್ಸಿಗೆ ಬಂದದ್ದನ್ನೆಲ್ಲ?"

"ಎಲ್ಲ."

ದೊಡ್ಡಕ್ಕ ಕೂತಳು. ಎಡಗೈ ಬೆರಳು ಮುಂದೆ ಮಾಡಿದಳು. ಸೋಡಾ, ಬ್ಲೀಚು ತಿಂದ ಬೆರಳು. ಗಾಜಿಗೆ ಅದು ಬೆರಳು ಅಂತಲೇ ಗೊತ್ತಾಗಲಿಲ್ಲ. ಎರಡು ಸಲ ಒತ್ತಿದಳು, ಮೂರು ಸಲ ಒತ್ತಿದಳು.

ಸಾಹೇಬರು ನಕ್ಕರು. "ಗೋಡೆಗೆ ಮೊಳೆ ಹೊಡೀತಾ ಇಲ್ಲಮ್ಮ ನೀನು. ಮೆತ್ತಗೆ."

ಹುಡುಗಿ ಒಂದು ಬಟ್ಟೆ ಕೊಟ್ಟಳು. ಒರೆಸಿಕೊಂಡು ಮತ್ತೆ ಮುಟ್ಟಿದಾಗ ಫಾರಂ ತೆರೆಯಿತು.

ನಿಜ ಹೇಳಬೇಕೆಂದರೆ ದೊಡ್ಡಕ್ಕನಿಗೆ ಅದು ಹಿಡಿಸಿತು. ಅಕ್ಷರ ದೊಡ್ಡವು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಮನೆಯಲ್ಲಿ ಆಡುವ ಮಾತು. "ನಿಮ್ಮ ಹೆಸರೇನು?" "ಎಲ್ಲಿ ಕೆಲಸ ಮಾಡುತ್ತೀರಿ?" ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಲು ಬಂತು. ಹನ್ನೊಂದು ವರ್ಷದಲ್ಲಿ ಆಸ್ಪತ್ರೆಯವರು ಬರೆದದ್ದನ್ನು ಅವಳು ಓದಿ ಅರ್ಥ ಮಾಡಿಕೊಂಡದ್ದು ಇದೇ ಮೊದಲು. "ಯಾವತ್ತು ಗಾಯವಾಯಿತು?" ಆ ತಾರೀಖು ಅವಳಿಗೆ ಮಗಳು ಹುಟ್ಟಿದ ತಾರೀಖಿನಷ್ಟೇ ನೆನಪಿತ್ತು. "ಮೈಯಲ್ಲಿ ಎಲ್ಲಿ ಗಾಯವಾಯಿತು?" ಅಂತ ಕೇಳಿ ಒಂದು ಮನುಷ್ಯನ ಚಿತ್ರ ತೋರಿಸಿತು. ಬಲಗೈ ಮುಟ್ಟಿದಳು. ಅದು ಕೆಂಪಾಯಿತು. ಬರೀ ಕೆಂಪು. ಸುಲಿದ ಕೈ ಹಾಗಿರುವುದಿಲ್ಲ.

"ತುಂಬ ಚೆನ್ನಾಗಿ ಮಾಡ್ತಿದೀರಿ" ಅಂದಳು ಹುಡುಗಿ. ಅವಳ ಮುಖ ಅರಳಿತ್ತು. ಸಾಹೇಬರ ಕಡೆ ತಿರುಗಿ, "ಎರಡು ನಿಮಿಷಕ್ಕೆ ನಾಲ್ಕು ಪ್ರಶ್ನೆ ಸಾರ್" ಅಂದಳು.

ಐದನೇ ಪ್ರಶ್ನೆ ಬಂತು. "ಗಾಯ ಹೇಗಾಯಿತು?" ಕೆಳಗೆ ಮೂರು ದುಂಡು ಗುರುತು. ಒಂದೊಂದು ಗುರುತಿನ ಎದುರು ಒಂದೊಂದು ಸಾಲು. ದೊಡ್ಡಕ್ಕ ಗಟ್ಟಿಯಾಗಿ ಓದಿದಳು.

"ನಾನು ಎಚ್ಚರ ತಪ್ಪಿದೆ."

"ನಾನು ನಿಯಮ ಪಾಲಿಸಲಿಲ್ಲ."

"ನಾನು ಹುಷಾರಿಲ್ಲದೆ ಕೆಲಸಕ್ಕೆ ಬಂದೆ."

ಓದಿ ನಿಲ್ಲಿಸಿದಳು. ಮತ್ತೊಂದು ಸಲ ಓದಿದಳು.

"ಮುಂದಿನದ್ದು ಎಲ್ಲಿ?"

"ಮುಂದಿನದ್ದು ಅಂದ್ರೆ?"

"ನಾಲ್ಕನೇದು."

"ಮೂರೇ ಅಮ್ಮಾ. ಯಾವುದಾದ್ರೂ ಒಂದನ್ನ ಮುಟ್ಟಿದ್ರೆ ಕೆಳಗಿರೋ ಗುಂಡಿ ಹಸಿರಾಗುತ್ತೆ. ಆಮೇಲೆ ಮುಂದಕ್ಕೆ ಹೋಗಬಹುದು."

"ಮುಟ್ಟದಿದ್ರೆ?"

"ಮುಂದಕ್ಕೆ ಹೋಗಲ್ಲ."

"ಮೂರು ಸಾಲಲ್ಲೂ ನಾನೇ ಇದೀನಿ" ಅಂದಳು ದೊಡ್ಡಕ್ಕ. "ನಾನು, ನಾನು, ನಾನು. ಅಲ್ಲಿ ಬೇರೆ ಯಾರೂ ಇರಲಿಲ್ವಾ?"

ಹುಡುಗಿ ಕನ್ನಡಕ ಸರಿಮಾಡಿಕೊಂಡಳು. "ಇದು ಮುಂಚೆ ಕಾಗದದಲ್ಲೂ ಇತ್ತು ಅಮ್ಮಾ. ಯಾರಿಗೂ ಅರ್ಥ ಆಗ್ತಿರಲಿಲ್ಲ. ನಾನು ಸುಲಭ ಮಾಡಿದೆ, ಅಷ್ಟೇ."

"ಕಾಗದದಲ್ಲಿ ಹೇಗಿತ್ತು?"

ಹುಡುಗಿ ಪಕ್ಕದ ಕಟ್ಟಿನಿಂದ ಮೇಲಿನದ್ದೊಂದು ಎಳೆದಳು. ಹಳೇ ಫಾರಂ ತುಂಬುವಾಗ ಜನ ಎಲ್ಲೆಲ್ಲಿ ಎಡವುತ್ತಾರೆ ಅಂತ ನೋಡಲು ಅವಳಿಗೆ ಕೊಟ್ಟಿದ್ದ ಕಟ್ಟು ಅದು. ಓದಿದಳು. "ಸದರಿ ಅವಘಡವು ಕಾರ್ಮಿಕಳ ಸ್ವಯಂ ನಿರ್ಲಕ್ಷ್ಯದ ಫಲವಾಗಿ ಸಂಭವಿಸಿದ್ದು, ಇದಕ್ಕೆ ಸಂಸ್ಥೆಯು ಯಾವುದೇ ರೀತಿಯಲ್ಲಿ ಹೊಣೆಯಲ್ಲವೆಂದು ಈ ಮೂಲಕ ಒಪ್ಪಿರುತ್ತೇನೆ."

"ಅಂದ್ರೆ?"

"ಅಂದ್ರೆ... ನಾನು ಎಚ್ಚರ ತಪ್ಪಿದೆ ಅಂತ."

"ಆ ಕಟ್ಟಿನಲ್ಲಿ ನಂದೂ ಇದೆಯಾ?"

"ಹುಡುಕೋದೆಲ್ಲ ಬೇಡ" ಅಂದರು ಸಾಹೇಬರು. ಅಷ್ಟರಲ್ಲಿ ದೊಡ್ಡಕ್ಕನೇ ಕಟ್ಟಿಗೆ ಕೈ ಹಾಕಿದ್ದಳು. ಹೆಸರು ಓದಲು ಬರುತ್ತಿತ್ತಲ್ಲ. ನಡುವೆಲ್ಲೋ ಸಿಕ್ಕಿತು. ಅವಳ ಹೆಸರು, ಕೆಳಗೆ ಎಡಗೈ ಹೆಬ್ಬೆಟ್ಟು. ಶಾಯಿ ಒಂದು ಕಡೆ ಎಳೆದುಕೊಂಡಿತ್ತು. ಅವತ್ತು ಮೇಸ್ತ್ರಿ ಬೆರಳು ಎಳೆದು ಒತ್ತಿಸಿಕೊಂಡಿದ್ದ. ಅದರ ಮೇಲಿನ ಸಾಲು ಹುಡುಗಿ ಈಗಷ್ಟೇ ಓದಿದ ಸಾಲೇ.

ದೊಡ್ಡಕ್ಕ ಆ ಹೆಬ್ಬೆಟ್ಟನ್ನೇ ನೋಡುತ್ತ ಕೂತಳು. ಮೈಯೆಲ್ಲ ಉರಿಯಿತು, ಕೈ ಸುಟ್ಟ ದಿನಕ್ಕಿಂತ ಹೆಚ್ಚು. ಕೈ ಸುಟ್ಟಿದ್ದು ಕಬ್ಬಿಣ. ಇದನ್ನು ಮಾಡಿದ್ದು ಮನುಷ್ಯರು. ಹಾಸಿಗೆಯಲ್ಲಿ ನೋವಿಗೆ ಹಲ್ಲು ಕಚ್ಚಿಕೊಂಡು ಮಲಗಿದ್ದವಳ ಬೆರಳು ಹಿಡಿದು, ಅವಳ ಬಾಯಿಂದಲೇ ಅವಳ ಮೇಲೆ ಸುಳ್ಳು ಹೇಳಿಸಿಕೊಂಡು ಹೋಗಿದ್ದರು.

"ಹೊತ್ತಾಗ್ತಿದೆ" ಅಂದರು ಸಾಹೇಬರು. "ಇದು ಬರೀ ಟೆಸ್ಟಿಂಗಮ್ಮ. ನಿಜವಾದ ಅರ್ಜಿ ಅಲ್ಲ. ಯಾವುದಾದರೊಂದು ಒತ್ತಿ ಮುಂದಕ್ಕೆ ಹೋಗು. ಇನ್ನೂ ನಾಲ್ಕು ಜನ ಇದ್ದಾರೆ."

"ನಿಜ ಅಲ್ಲದಿದ್ರೆ ನನ್ನ ಹೆಸರು ಯಾಕೆ ಬರೆಸಿದ್ರಿ? ನನ್ನ ಕೈ ಯಾಕೆ ಕೆಂಪು ಮಾಡಿಸಿದ್ರಿ?"

"ಒತ್ತಮ್ಮ."

"ನಾಲ್ಕನೇ ಸಾಲು ಬರೆಸಿ. ಒತ್ತೀನಿ."

ಹುಡುಗಿ ಸಾಹೇಬರನ್ನು ನೋಡಿದಳು. "ಸಾರ್, ಇನ್ನೊಂದು ಸಾಲು ಸೇರಿಸೋದು ಒಂದು ನಿಮಿಷದ ಕೆಲಸ..."

"ಪ್ರಶ್ನೆ, ಉತ್ತರ ಎಲ್ಲ ಕಾನೂನು ವಿಭಾಗದಿಂದ ಬಂದಿದ್ದು. ನಿಮಗೆ ಕೊಟ್ಟಿರೋ ಕೆಲಸ ಅಕ್ಷರದ್ದು, ಬಣ್ಣದ್ದು. ಅಷ್ಟು ಮಾಡಿ."

ಹುಡುಗಿ ತಲೆ ತಗ್ಗಿಸಿದಳು.

"ಬಣ್ಣ ಚೆನ್ನಾಗಿದೆ ಮಗಳೇ" ಅಂದಳು ದೊಡ್ಡಕ್ಕ. "ನೀನು ಎಷ್ಟು ಚೆನ್ನಾಗಿ ಬರೆದಿದೀಯ ಅಂದ್ರೆ, ನನ್ನಂಥೋಳಿಗೂ ಮೋಸ ಕಾಣಿಸ್ತು."

ಎದ್ದು ನಿಂತಳು. ಬಲಗೈಯನ್ನು ಕ್ಯಾಮೆರಾದ ಎದುರು ಹಿಡಿದಳು. "ಮನಸ್ಸಿಗೆ ಬಂದದ್ದನ್ನೆಲ್ಲ ಹೇಳು ಅಂದ್ರಲ್ಲ, ಹೇಳ್ತೀನಿ. ನಾನು ಎಚ್ಚರ ತಪ್ಪಲಿಲ್ಲ. ನಿಯಮ ಮುರೀಲಿಲ್ಲ. ಹುಷಾರಾಗೇ ಇದ್ದೆ. ರೋಲರಿಗೆ ತಡೆಪಟ್ಟಿ ಇತ್ತು. ಮೇಸ್ತ್ರಿ ಬಿಚ್ಚಿದ. ಲೆಕ್ಕ ಕಡಿಮೆ ಬಂದ್ರೆ ಸಾಹೇಬ್ರು ಬಯ್ತಾರೆ ಅಂತ ಬಿಚ್ಚಿದ. ಇವತ್ತಿಗೂ ಹಾಕಿಲ್ಲ. ನಾನು ಒತ್ತಲ್ಲ."

"ಕೆಲಸ ಬೇಕಾ ಬೇಡ್ವಾ ನಿನಗೆ?"

"ಕೈ ಕೊಟ್ಟಾಗಿದೆ. ಬಾಯಿ ಕೊಡಲ್ಲ."

ಮೆಟ್ಟಿಲಿಳಿದು ನೆಲಮಾಳಿಗೆಗೆ ಬಂದಾಗ ಗಿಡ್ಡಿ ರೋಲರಿಗೆ ಹಾಸು ಕೊಡುತ್ತಿದ್ದಳು. ಅವಳ ಬೆರಳು ಉರುಳೆಯಿಂದ ಒಂದು ಗೇಣು ದೂರದವರೆಗೆ ಹೋಗಿ ವಾಪಸ್ಸು ಬರುತ್ತಿತ್ತು. ಮತ್ತೆ ಹೋಗಿ ಮತ್ತೆ ಬರುತ್ತಿತ್ತು. ದೊಡ್ಡಕ್ಕ ಸೀದಾ ಗೋಡೆಗೆ ಹೋಗಿ ಸ್ವಿಚ್ಚು ಆರಿಸಿದಳು. ಉರುಳೆ ನಿಂತಿತು. ಆ ಹೊತ್ತಿನಲ್ಲಿ ಎಂದೂ ನಿಲ್ಲದ ಸದ್ದು ನಿಂತದ್ದಕ್ಕೆ ಒಗೆಯುತ್ತಿದ್ದವರು, ಮಡಿಸುತ್ತಿದ್ದವರು ಎಲ್ಲ ತಿರುಗಿದರು.

"ಏನಾಯ್ತು ದೊಡ್ಡಕ್ಕ?" ಅಂದಳು ಗಿಡ್ಡಿ.

ಹೇಳಿದಳು. ಮೂರು ಸಾಲನ್ನೂ ಹೇಳಿದಳು. ತನ್ನ ಹೆಬ್ಬೆಟ್ಟಿನ ಮೇಲೆ ಏನು ಬರೆದಿತ್ತು ಅನ್ನುವುದನ್ನೂ ಹೇಳಿದಳು. ಹೋದ ವರ್ಷ ಕಾಲ ಮೇಲೆ ಬ್ಲೀಚು ಚೆಲ್ಲಿಕೊಂಡಿದ್ದ ಮಡಿಸುವವಳು ಕೇಳಿದಳು, "ಹಾಗಾದ್ರೆ ನಾನು ಒತ್ತಿದ್ದೂ ಅದೇನಾ? ಡಬ್ಬದ ಮುಚ್ಚಳ ಒಡೆದಿತ್ತಲ್ಲ?"

"ಅದೇ."

"ನನ್ನ ಹತ್ರ ಸಹಿ ಹಾಕಿಸ್ಕೊಂಡಾಗ ರಜೆಗೆ ಅಂದ್ರು" ಅಂದಳು ಇನ್ನೊಬ್ಬಳು.

ಮೇಸ್ತ್ರಿ ಓಡಿ ಬಂದ. "ಯಾವಳೇ ಆರಿಸಿದ್ದು?"

"ನಾನು" ಅಂದಳು ದೊಡ್ಡಕ್ಕ. "ತಡೆಪಟ್ಟಿ ಹಾಕು. ಆಮೇಲೆ ಚಾಲು ಮಾಡ್ತೀವಿ."

"ಆಪರೇಷನ್ ಕೋಣೆಯಿಂದ ಫೋನ್ ಬರ್ತಿದೆ. ಹಾಸಿಲ್ಲ ಅಂತಿದಾರೆ. ಯಾರಾದ್ರೂ ಸತ್ರೆ ನಿನ್ನ ತಲೆಗೆ ಬರುತ್ತೆ."

"ಎಲ್ಲ ನಮ್ಮ ತಲೆಗೇ ಬರುತ್ತೆ ಅಂತ ಮೇಲೆ ಓದ್ಕೊಂಡು ಬಂದೆ. ಹಾಸು ಬೇಕಾದ್ರೆ ಪಾನಾ ತಗೊಂಡು ಬಾ."

ಅವನು ಸ್ವಿಚ್ಚಿಗೆ ಕೈ ಹಾಕಲು ಹೋದ. ಗಿಡ್ಡಿ ಅಡ್ಡ ನಿಂತಳು. ಅವನ ಎದೆಯವರೆಗೂ ಬರುತ್ತಿರಲಿಲ್ಲ ಅವಳು. "ಹಾಕು. ಹಾಕಿ ನೀನೇ ಹಾಸು ಕೊಡು. ನೋಡ್ತೀವಿ" ಅಂದಳು. ಮೇಸ್ತ್ರಿ ಉರುಳೆಯ ಬಾಯಿ ನೋಡಿದ. ಕೈ ಹಿಂದಕ್ಕೆ ತೆಗೆದ.

ಮಧ್ಯಾಹ್ನ ಎರಡರ ಹೊತ್ತಿಗೆ ಒದ್ದೆ ಹಾಸು ಸೊಂಟದೆತ್ತರ ಬಿದ್ದಿತ್ತು. ಎರಡೂವರೆಗೆ ಮೇಸ್ತ್ರಿ ಸ್ಟೋರಿನಿಂದ ತಡೆಪಟ್ಟಿ ತಂದ. ಅಲ್ಲಾಡುತ್ತಿದ್ದ ಒಂದು ಕಪಾಟಿನ ಕಾಲಿಗೆ ಅದನ್ನು ಆಸರೆಯಾಗಿ ಕೊಟ್ಟಿದ್ದ. ನಾಲ್ಕು ಬೋಲ್ಟು. ಕಾಲು ಗಂಟೆಯೂ ಹಿಡಿಯಲಿಲ್ಲ. ದೊಡ್ಡಕ್ಕ ಪಕ್ಕದಲ್ಲಿ ನಿಂತು ನೋಡಿದಳು. ಕಾಲು ಗಂಟೆ. ಅಷ್ಟೇ ಸಾಕಿತ್ತು ಅವಳ ಕೈ ಉಳಿಯಲು.

ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಮೂರನೇ ಮಹಡಿಗೆ ಹೋಗಿ ಬಂದರು. ನಾಲ್ವರೂ ಐದನೇ ಪ್ರಶ್ನೆಯಲ್ಲಿ ಕೈ ಕಟ್ಟಿ ಕೂತರು. ಓದಲು ಬಾರದ ಇಬ್ಬರು "ಓದಿ ಹೇಳಿ" ಅಂದರು, ಹುಡುಗಿ ಓದಿ ಹೇಳಿದಳು, ಅವರು ಎದ್ದು ಬಂದರು.

ಮಾರನೇ ದಿನ ಗೇಟಿನಲ್ಲೇ ದೊಡ್ಡಕ್ಕನ ಕೈಗೆ ಕಾಗದ ಕೊಟ್ಟರು. ರೋಗಿಗಳ ಜೀವಕ್ಕೆ ಅಪಾಯ ತಂದದ್ದಕ್ಕೆ ಕೆಲಸದಿಂದ ತೆಗೆದಿದೆ. ಫಾರಂ ಸೋಮವಾರ ಅದೇ ಮೂರು ಸಾಲಿನ ಜೊತೆ ಚಾಲೂ ಆಯಿತು.

ದೊಡ್ಡಕ್ಕ ಕಾರ್ಮಿಕ ಕಚೇರಿಗೆ ಹೋದಳು. ಅಲ್ಲಿಯ ಗುಮಾಸ್ತ ತಲೆ ಎತ್ತದೆ, "ಆನ್‌ಲೈನಲ್ಲಿ ಹಾಕಿ" ಅಂದ.

"ಹಾಕಲ್ಲ. ನಾನು ಹೇಳ್ತೀನಿ, ನೀವು ಬರೀರಿ."

"ಹಾಗೆಲ್ಲ ಆಗಲ್ಲಮ್ಮ."

"ಆಗೋವರೆಗೂ ಇಲ್ಲೇ ಕೂತಿರ್ತೀನಿ."

ಬಾಗಿಲ ಎದುರು ಕೂತಳು. ಬರುವವರು ಹೋಗುವವರು ಅವಳನ್ನು ದಾಟಿಕೊಂಡು ಹೋದರು. ಕಾವಲಿನವನು ಒಂದು ಸಲ ತೋಳು ಹಿಡಿದು ಎಳೆದ. ಅಂಟಿದ ಬೆರಳು ನೋಡಿ ಬಿಟ್ಟ. ಮೂರನೇ ದಿನ ಅಧಿಕಾರಿಯೇ ಒಳಗೆ ಕರೆದರು. ನಡುವಯಸ್ಸಿನ ಹೆಂಗಸು, ಗಡಸು ಮುಖ. ಸಮಾಧಾನದ ಒಂದು ಮಾತೂ ಆಡಲಿಲ್ಲ. ಆದರೆ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು.

ವಿಚಾರಣೆಯ ದಿನ ಆಸ್ಪತ್ರೆಯ ಕಡೆಯಿಂದ ಸಾಹೇಬರು, ಅವರ ವಕೀಲ, ಸಾಕ್ಷಿ ಅಂತ ಆ ಕನ್ನಡಕದ ಹುಡುಗಿ ಬಂದರು. ದೊಡ್ಡಕ್ಕನ ಕಡೆ ಗಿಡ್ಡಿ ಬಂದಿದ್ದಳು, ಅರ್ಧ ದಿನದ ಸಂಬಳ ಬಿಟ್ಟು.

ವಕೀಲ ಕೇಳಿದ. "ಫಾರಂ ಮಾಡಿದ್ದು ನೀವೇ ತಾನೆ?"

"ಹೌದು."

"ಸುಲಭವಾಗಿದೆಯಾ?"

"ತುಂಬ ಸುಲಭ."

"ಓದು ಬರೋ ಯಾರು ಬೇಕಾದರೂ ತುಂಬಬಹುದಾ?"

"ತುಂಬಬಹುದು."

"ಹಾಗಿದ್ದೂ ಈಕೆ ಬೇಕಂತಲೇ ಗಲಾಟೆ ಮಾಡಿದಳು. ಅಷ್ಟೇ ಮೇಡಂ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಅಷ್ಟು ಸುಲಭ ಇದ್ರೆ ಇವರಿಗೆ ಯಾಕೆ ತುಂಬೋಕೆ ಆಗ್ಲಿಲ್ಲ?"

ಹುಡುಗಿ ಸಾಹೇಬರನ್ನು ನೋಡಿದಳು. ಅವರು ಕಣ್ಣಲ್ಲೇ ಗದರಿದರು. ಹುಡುಗಿ ಅಧಿಕಾರಿಯ ಕಡೆ ತಿರುಗಿದಳು.

"ಆಗ್ಲಿಲ್ಲ ಅಂತಲ್ಲ ಮೇಡಂ. ಓದಿದ್ರು. ಅದಕ್ಕೇ ತುಂಬಲಿಲ್ಲ."

ರೆಕಾರ್ಡಿಂಗ್ ಎಲ್ಲಿ ಅಂತ ಅಧಿಕಾರಿ ಕೇಳಿದರು. ಅಳಿಸಿಹೋಗಿದೆ ಅಂದ ವಕೀಲ. "ಇಲ್ಲ, ನನ್ನ ಹತ್ತಿರ ಇದೆ" ಅಂದಳು ಹುಡುಗಿ. ಹಾಕಿದರು. ಚಿತ್ರ ಆಗಾಗ ಅಲ್ಲಾಡಿತು, ಆದರೆ ದನಿ ಸ್ಪಷ್ಟವಾಗಿತ್ತು. ಮೊಳೆ ಹೊಡೆಯುವ ಮಾತು, ಆ ನಗು. ಯಾವುದಾದರೊಂದು ಒತ್ತು ಅಂದದ್ದು. ಕೊನೆಗೆ ಪರದೆಯ ತುಂಬ ಆ ಕೈ. ಸಾಹೇಬರು ನೆಲ ನೋಡಿದರು. ದೊಡ್ಡಕ್ಕ ಅವರನ್ನೇ ನೋಡಿದಳು.

ಹೊರಗೆ ಮೆಟ್ಟಿಲ ಹತ್ತಿರ ಹುಡುಗಿ ಹಿಂದೆ ಬಂದಳು. "ಅಮ್ಮಾ, ನನ್ನ ಮೇಲೆ ಸಿಟ್ಟು ಇಟ್ಕೋಬೇಡಿ."

"ಅವತ್ತು ನೀನು ತಲೆ ತಗ್ಗಿಸಿದೆ. ಇವತ್ತು ಎತ್ತಿದೆ. ನಡುವೆ ಅದೇ ಫಾರಂನಲ್ಲಿ ಎಷ್ಟು ಜನ ಒತ್ತಿದ್ರು?"

ಹುಡುಗಿಗೆ ಆ ಲೆಕ್ಕ ಗೊತ್ತಿತ್ತು. "ಹದಿನೇಳು" ಅಂದಳು ಮೆಲ್ಲಗೆ.

"ಸಿಟ್ಟು ಇರುತ್ತೆ" ಅಂದು ದೊಡ್ಡಕ್ಕ ನಡೆದಳು.

ಎರಡು ತಿಂಗಳ ಮೇಲೆ ಆದೇಶ ಬಂತು. ಹೆಬ್ಬೆಟ್ಟಿನ ಆ ಕಾಗದ ರದ್ದು. ಗಾಯಕ್ಕೆ ಆಸ್ಪತ್ರೆಯೇ ಹೊಣೆ. ಕೆಲಸಕ್ಕೆ ವಾಪಸ್ಸು ತೆಗೆದುಕೊಳ್ಳಬೇಕು. ಫಾರಂ ಬದಲಾಯಿಸಬೇಕು.

ದೊಡ್ಡಕ್ಕ ವಾಪಸ್ಸು ಬಂದ ದಿನ ಹೆಂಗಸರು ಅವಳನ್ನು ಸುತ್ತುವರಿದರು. ಮೇಸ್ತ್ರಿ ಇನ್ನೂ ಅಲ್ಲೇ ಇದ್ದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ತನ್ನ ಫೋನು ತಂದು ಅವಳ ಮುಖಕ್ಕೆ ಹಿಡಿದ. "ತಗೋ. ಬಂತಲ್ಲ ನಿನ್ನ ನಾಲ್ಕನೇ ಸಾಲು. ಈಗ ಹೊಟ್ಟೆ ತಣ್ಣಗಾಯ್ತಾ?"

ಮೂರು ಸಾಲು ಹಾಗೆಯೇ ಇದ್ದವು. ಅದರ ಕೆಳಗೆ ಹೊಸದೊಂದು. ದೊಡ್ಡಕ್ಕ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು.

"ಯಂತ್ರದ ದೋಷ."

ಗಿಡ್ಡಿ ಇಣುಕಿದಳು. "ಅಂದ್ರೆ ಏನಂತೆ ದೊಡ್ಡಕ್ಕ?"

"ಮೂರರಲ್ಲಿ ನಾವಂತೆ. ನಾಲ್ಕನೇದರಲ್ಲಿ ಮೆಷಿನ್ನಂತೆ." ದೊಡ್ಡಕ್ಕ ಫೋನಿನಿಂದ ಕಣ್ಣೆತ್ತಿ ಮೇಸ್ತ್ರಿಯನ್ನು ನೋಡಿದಳು. "ಮೆಷಿನ್ನಿಗೆ ಕೈ ಇತ್ತಾ, ತನ್ನ ಬೋಲ್ಟು ತಾನೇ ಬಿಚ್ಕೊಳ್ಳೋಕೆ?"

ಮೇಸ್ತ್ರಿ ಬಲಗೈಯನ್ನು ಜೇಬಿಗೆ ಇಳಿಸಿದ.

ದೊಡ್ಡಕ್ಕ ಕಟ್ಟಿಕೊಳ್ಳುತ್ತಿದ್ದ ಏಪ್ರನ್ ಬಿಚ್ಚಿದಳು. ಮಡಿಸಿ ಮೇಜಿನ ಮೇಲಿಟ್ಟಳು. ಗಿಡ್ಡಿ ಹೋಗಿ ಸ್ವಿಚ್ಚು ಆರಿಸಿದಳು.